ಮೂರನೇ ಫಾರಂ: ಒಂದು ಶಾಲೆಯ ಮೂರು ಸಂಚಿಕೆಗಳ ಕಥೆ

2024ರ ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಸಾಗರದಿಂದ ಚಿಕ್ಕಪ್ಪನ ಫೋನ್ ಬಂತು. ಕ್ಷೇಮ ಸಮಾಚಾರ ಏನೂ ಇಲ್ಲ. "ನಿನ್ನ ಹತ್ರ ಸಿಡಿ ಓದೋ ಕಂಪ್ಯೂಟರ್ ಇದೆಯೇನೋ?" ಅಂತ ಕೇಳಿದರು. ನನ್ನ ಲ್ಯಾಪ್‌ಟಾಪ್‌ನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ಆ ಹದಿನಾರು ಪುಟ ಹೋದ ಹಾಗೇ" ಅಂದರು.

ಆ 16 ಪುಟಗಳ ವಿಷಯವನ್ನು ಮೊದಲಿನಿಂದ ಬರೆದಿಡಬೇಕು ಅನ್ನಿಸಿದೆ. ತಂತ್ರಜ್ಞಾನ ಇಷ್ಟು ಬೇಗ ಬದಲಾಗುತ್ತಿರುವುದು ಒಳ್ಳೆಯದಾ ಕೆಟ್ಟದ್ದಾ ಅಂತ ಯಾರಾದರೂ ಕೇಳಿದರೆ ನನಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಆದರೆ ಈ ಒಂದು ಪ್ರಸಂಗವನ್ನು ಹೇಳಬಲ್ಲೆ. ಇದರಲ್ಲಿ ಎರಡೂ ಇದೆ.

ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆ. 1924ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ ಶುರುವಾಯಿತು. ನಮ್ಮ ಅಪ್ಪ, ಚಿಕ್ಕಪ್ಪ ಇಬ್ಬರೂ ಓದಿದ್ದು ಅಲ್ಲೇ. 1974ರಲ್ಲಿ ಸುವರ್ಣ ಮಹೋತ್ಸವ ಆದಾಗ ಒಂದು ಸ್ಮರಣ ಸಂಚಿಕೆ ಬಂತು. 1999ರಲ್ಲಿ ಅಮೃತ ಮಹೋತ್ಸವಕ್ಕೆ ಇನ್ನೊಂದು. ಈಗ ಶತಮಾನೋತ್ಸವಕ್ಕೆ ಮೂರನೆಯದು. ಮೊದಲ ಸಂಚಿಕೆಗೆ ಅಕ್ಷರ ಜೋಡಿಸುವಾಗ ಚಿಕ್ಕಪ್ಪನಿಗೆ 17 ವರ್ಷ, ಎರಡನೆಯದಕ್ಕೆ 42, ಮೂರನೆಯದಕ್ಕೆ 67. ಒಬ್ಬರದೇ ಕೈ. ಆದರೆ ಮೂರು ಸಲವೂ ಆ ಕೈ ಮಾಡಿದ ಕೆಲಸ ಬೇರೆ ಬೇರೆ.

ಹಳೆಯ ಎರಡು ಸಂಚಿಕೆಗಳಿಂದ ಒಳ್ಳೆಯ ಬರಹಗಳನ್ನು ಆರಿಸಿ ಹೊಸದರಲ್ಲಿ ಹಾಕಬೇಕು ಅಂತ ಸಮಿತಿಯವರು ತೀರ್ಮಾನಿಸಿದ್ದರು. 1974ರ ಸಂಚಿಕೆ ಸುಲಭವಾಗಿ ಸಿಕ್ಕಿತು. 1999ರದ್ದು ಎರಡೇ ಪ್ರತಿ ಸಿಕ್ಕವು. ಒಂದನ್ನು ಗೆದ್ದಲು ತಿಂದಿತ್ತು. ಇನ್ನೊಂದು ನೋಡಲು ಚೆನ್ನಾಗಿತ್ತು. ಆದರೆ ಬೈಂಡಿಂಗ್ ಮಾಡಿದವರು ಎರಡನೇ ಫಾರಂ ಅನ್ನು ಎರಡು ಸಲ ಸೇರಿಸಿ, ಮೂರನೆಯದನ್ನು ಬಿಟ್ಟುಬಿಟ್ಟಿದ್ದರು. ಫಾರಂ ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿದ 16 ಪುಟ. ಪುಟ 32ರ ನಂತರ ಮತ್ತೆ 17 ಬರುತ್ತಿತ್ತು. 33ರಿಂದ 48ರವರೆಗೆ ಇಲ್ಲ.

ಆ ಪುಟಗಳಲ್ಲೇ ಇದ್ದದ್ದು ಶಾಲೆಯ ಮೊದಲ ವರ್ಷದ ಮಕ್ಕಳ ಪಟ್ಟಿ, ಮತ್ತು ಮೊದಲ ತಂಡದಲ್ಲಿ ಓದಿದ ಒಬ್ಬ ಹಿರಿಯರು 1999ರಲ್ಲಿ ಹೇಳಿ ಬರೆಸಿದ ನೆನಪು. ಅವರು ಈಗ ಇಲ್ಲ. ಪಟ್ಟಿಯನ್ನು ನಕಲು ಮಾಡಿಕೊಂಡಿದ್ದ 1924ರ ದಾಖಲಾತಿ ಪುಸ್ತಕವೂ ಇಲ್ಲ. ಒಂದು ಮಳೆಗಾಲ ಆಫೀಸಿನ ಮಾಡು ಸೋರಿ, ಬೀರು ಒಳಗಿನ ಕಾಗದವೆಲ್ಲ ಮುದ್ದೆಯಾಗಿತ್ತು. ಹಾಗಾಗಿ ಆ 16 ಪುಟ ಎಲ್ಲಾದರೂ ಉಳಿದಿದ್ದರೆ ಚಿಕ್ಕಪ್ಪ 2002ರಲ್ಲಿ ಬರೆದಿಟ್ಟ ಒಂದು ಸಿಡಿಯಲ್ಲಿ ಮಾತ್ರ.

ಮೊಳೆ

ಸಿಡಿಯ ಕಥೆಗೆ ಹೋಗುವ ಮೊದಲು ಚಿಕ್ಕಪ್ಪನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಅವರು ಸಾಗರದ ಒಂದು ಪ್ರೆಸ್ಸಿಗೆ ಕಂಪೋಸಿಟರ್ ಆಗಿ ಸೇರಿದರು. ಮರದ ಕೇಸಿನ ಮುಂದೆ ನಿಲ್ಲಬೇಕು. ಕೇಸಿನ ತುಂಬ ಸಣ್ಣ ಸಣ್ಣ ಮನೆ. ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರದ ಮೊಳೆ, ಅಂದರೆ ಲೋಹದ ಅಚ್ಚು. ಇಂಗ್ಲಿಷಿಗೆ ಕೆಲವೇ ಮನೆ ಸಾಕು. ಕನ್ನಡಕ್ಕೆ ಕಾಗುಣಿತ ಬೇಕು, ಒತ್ತು ಬೇಕು, ದೀರ್ಘ ಬೇಕು, ನೂರಾರು ಮನೆ. ಎಡಗೈಯಲ್ಲಿ ಸ್ಟಿಕ್ ಅನ್ನುವ ಸಣ್ಣ ಪಟ್ಟಿ ಹಿಡಿದು ಬಲಗೈಯಿಂದ ಒಂದೊಂದೇ ಮೊಳೆ ಎತ್ತಿ ಜೋಡಿಸಬೇಕು. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಅದನ್ನು ಹಾಗೆಯೇ ಓದಬೇಕು. ಸಾಲು ಸೇರಿ ಗ್ಯಾಲಿ, ಗ್ಯಾಲಿಯಿಂದ ಕರಡು, ತಿದ್ದಿದ ಮೇಲೆ ಚೇಸ್ ಅನ್ನುವ ಚೌಕಟ್ಟಿಗೆ ಬಿಗಿದು, ಅಚ್ಚು ಹಾಕುವ ಟ್ರೆಡಲ್ ಮೆಷಿನ್ನಿಗೆ. ಅಚ್ಚಾದ ಮೇಲೆ ಎಲ್ಲ ಮೊಳೆಗಳನ್ನೂ ತೊಳೆದು ಮತ್ತೆ ಅದರದರ ಮನೆಗೆ ಹಾಕಬೇಕು. ಆ ಕೆಲಸಕ್ಕೆ ಕೇಸಿನ ನಕ್ಷೆ ಬೆರಳಿಗೆ ಬಂದಿರಬೇಕು. ಕಣ್ಣು ನೋಡುವ ಮೊದಲೇ ಬೆರಳು ಮನೆ ಹುಡುಕುತ್ತಿತ್ತು ಅಂತ ಚಿಕ್ಕಪ್ಪ ಈಗಲೂ ಹೇಳುತ್ತಾರೆ.

ಆ ಕಾಲವನ್ನು ಚಂದ ಅಂತ ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಮೊಳೆ ಅಂದರೆ ಸೀಸ. ಅದರ ಜೊತೆ ತವರ, ಆಂಟಿಮನಿ. ದಿನಾ 9 ಗಂಟೆ ಸೀಸ ಮುಟ್ಟಿದ ಕೈ. ಊಟಕ್ಕೆ ಮೊದಲು ಎಷ್ಟು ತಿಕ್ಕಿದರೂ ಉಗುರ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅವರ ಜೊತೆ ಕೆಲಸ ಮಾಡಿದ ಇಬ್ಬರಿಗೆ ನಡುವಯಸ್ಸಿಗೇ ಕಣ್ಣು ಮಂದವಾಯಿತು. ಸಂಬಳವೂ ಅಷ್ಟಕ್ಕಷ್ಟೆ.

ಆದರೆ ಒಂದು ಮಾತು ನಿಜ. ಆ ಕೆಲಸ ನಿಧಾನವಾಗಿ ಬದಲಾಗುತ್ತಿತ್ತು. ಕಿಟೆಲ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದಕ್ಕೆ ಮೊಳೆ ಜೋಡಿಸಿದವರು ಯಾರಾದರೂ 80 ವರ್ಷ ಕಳೆದು ಚಿಕ್ಕಪ್ಪನ ಪ್ರೆಸ್ಸಿಗೆ ಬಂದಿದ್ದರೆ, ಒಂದು ವಾರದಲ್ಲಿ ಕೆಲಸ ಹಿಡಿಯುತ್ತಿದ್ದರು. ಕೇಸು ಅದೇ, ಸ್ಟಿಕ್ ಅದೇ, ಕಣ್ಣಿನ ಲೆಕ್ಕ ಅದೇ. ಕೈಗೆ ಬಂದ ವಿದ್ಯೆ ಸಾಯುವವರೆಗೂ ಅನ್ನ ಕೊಡುತ್ತದೆ ಅನ್ನುವ ನಂಬಿಕೆ ಇತ್ತು. ಹೊಸ ಹುಡುಗರಿಗೆ ಕಲಿಸುವ ಹಿರಿಯರಿಗೆ ಪ್ರೆಸ್ಸಿನಲ್ಲಿ ಒಂದು ಗೌರವ ಇತ್ತು. ಅವರಿಗೆ ಗೊತ್ತಿದ್ದದ್ದು ಇವರಿಗೆ ಬೇಕಿತ್ತು, ಅಲ್ವಾ?

1986ರಲ್ಲಿ ಚಿಕ್ಕಪ್ಪ ಒಂದು ಹಳೆಯ ಟ್ರೆಡಲ್ ಕೊಂಡು ಸ್ವಂತ ಅಂಗಡಿ ಇಟ್ಟರು. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಅಡಿಕೆ ಮಂಡಿಯ ಬಿಲ್ ಬುಕ್ಕು. ಕೆಲಸ ಚೆನ್ನಾಗಿಯೇ ನಡೆಯಿತು.

1996ರಲ್ಲಿ ಶಿವಮೊಗ್ಗದಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ, ಮಾಡಿಸಿದ ಒಂದು ಮದುವೆ ಕಾಗದ ಯಾರೋ ತಂದು ತೋರಿಸಿದರು. ಅದರಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡ ಮಾಡಿದ್ದರು, ಓರೆ ಮಾಡಿದ್ದರು, ಗಣಪತಿ ಚಿತ್ರದ ಸುತ್ತ ಬಾಗಿಸಿದ್ದರು. ಮೊಳೆಯಲ್ಲಿ ಅದು ಆಗದ ಕೆಲಸ. ಚಿಕ್ಕಪ್ಪ ಆ ರಾತ್ರಿ ನಿದ್ದೆ ಮಾಡಲಿಲ್ಲ ಅಂತ ಚಿಕ್ಕಮ್ಮ ಹೇಳುತ್ತಾರೆ. ಹೆದರಿಕೆಯಿಂದ ಅಲ್ಲ. ಆಸೆಯಿಂದ.

ಸಾಲ ಮಾಡಿ ಕಂಪ್ಯೂಟರ್ ತಂದರು. 39ನೇ ವಯಸ್ಸಿನಲ್ಲಿ ಮೌಸ್ ಹಿಡಿಯುವುದನ್ನು ಕಲಿತರು. ಎರಡು ವರ್ಷ ಆದ ಮೇಲೆ ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿದರು. ಗುಜರಿಯವನು ಗೋಣಿಚೀಲದಲ್ಲಿ ತುಂಬುವಾಗ ತಾನು ನೋಡಲಿಲ್ಲ, ಒಳಗೆ ಹೋಗಿ ಕೂತಿದ್ದೆ ಅಂತ ನನ್ನ ಹತ್ತಿರ ಒಮ್ಮೆ ಹೇಳಿದ್ದರು. ಒಂದು ಸ್ಟಿಕ್ಕನ್ನೂ ಒಂದು ಹಿಡಿ ಮೊಳೆಯನ್ನೂ ಇಟ್ಟುಕೊಂಡರು. ಅದು ಈಗಲೂ ದೇವರ ಗೂಡಿನ ಪಕ್ಕದಲ್ಲಿದೆ.

ಸಿಡಿ

ಫೋನ್ ಬಂದ ಮುಂದಿನ ವಾರ ಒಂದು ಹೊರಗಿನ ಸಿಡಿ ಡ್ರೈವ್ ಕೊಂಡುಕೊಂಡು ಸಾಗರದ ಬಸ್ಸು ಹತ್ತಿದೆ. ಸಿಡಿ ತೆರೆಯಿತು. 22 ವರ್ಷದ ಹಿಂದಿನ ಸಿಡಿ ತೆರೆದದ್ದೇ ಪುಣ್ಯ. ಒಳಗೆ ಅಮೃತ ಮಹೋತ್ಸವದ ಫೈಲು ಇತ್ತು. ಚಿಕ್ಕಮ್ಮ ಕಷಾಯ ತಂದರು. ಎಲ್ಲರಿಗೂ ಖುಷಿ.

ಆ ಖುಷಿ ಅರ್ಧ ಗಂಟೆಯೂ ಇರಲಿಲ್ಲ. ಫೈಲು ಮಾಡಿದ್ದು ಆ ಕಾಲದ ಪುಟ ಕಟ್ಟುವ ತಂತ್ರಾಂಶದಲ್ಲಿ. ಅದು ಈಗ ಬಳಕೆಯಲ್ಲಿಲ್ಲ. ಅದರ ಜಾಗಕ್ಕೆ ಬಂದ ಹೊಸ ತಂತ್ರಾಂಶಕ್ಕೆ ಆ ಫೈಲು ಅರ್ಥ ಆಗುವುದಿಲ್ಲ. ಅಕ್ಷರಗಳಿಗೆ ಬಳಸಿದ್ದು ಆಗ ದುಡ್ಡು ಕೊಟ್ಟು ತಂದ ಒಂದು ಕನ್ನಡ ತಂತ್ರಾಂಶ. ಕಂಪ್ಯೂಟರಿನ ಹಿಂಭಾಗಕ್ಕೆ ಒಂದು ಬೀಗದಂಥ ಡಾಂಗಲ್ ಚುಚ್ಚಿದರೆ ಮಾತ್ರ ಅದು ನಡೆಯುತ್ತಿತ್ತು. ಡಾಂಗಲ್ ಡ್ರಾಯರಿನಲ್ಲಿ ಸಿಕ್ಕಿತು. ಅದನ್ನು ಚುಚ್ಚುವ ಕಿಂಡಿ ಈಗಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ಇಲ್ಲ.

ಇಲ್ಲಿ ಒಂದು ವಿಷಯ ವಿವರಿಸಬೇಕು. 1990ರ ದಶಕದ ಕನ್ನಡ ಫಾಂಟ್‌ಗಳು ಒಂದು ಉಪಾಯದ ಮೇಲೆ ನಿಂತಿದ್ದವು. ಕಂಪ್ಯೂಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಮಾತ್ರ. ಒಂದು ಫಾಂಟ್‌ನಲ್ಲಿ 256 ಮನೆ. ಆ ಮನೆಗಳಲ್ಲಿ ಇಂಗ್ಲಿಷ್ ಅಕ್ಷರದ ಚಿತ್ರ ತೆಗೆದು ಕನ್ನಡದ ತುಂಡುಗಳ ಚಿತ್ರ ಇಟ್ಟರು. ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಬರಹವನ್ನು ಆ ಫಾಂಟ್ ಇಲ್ಲದ ಕಡೆ ತೆರೆದು ನೋಡಿದವರಿಗೆ ನೆನಪಿರುತ್ತದೆ: ಕ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ನ ಇರಬೇಕಾದಲ್ಲಿ ಪೌಂಡಿನ ಗುರುತು. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇರಲಿಲ್ಲ. ಒಂದೊಂದು ಕಂಪನಿ ತುಂಡುಗಳನ್ನು ತನಗೆ ತೋಚಿದ ಮನೆಯಲ್ಲಿ ಇಟ್ಟಿತ್ತು. ಹಾಗಾಗಿ ಒಂದರ ಬರಹ ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ.

ಆ ಉಪಾಯವನ್ನು ನಾನು ಹಳಿಯುವುದಿಲ್ಲ. ಅದು ಇಲ್ಲದಿದ್ದರೆ ಕನ್ನಡ ಆ 10–15 ವರ್ಷ ಕಂಪ್ಯೂಟರಿನ ಹೊರಗೆ ನಿಂತಿರುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರು ಬರಹ ತಂತ್ರಾಂಶ ತಂದರು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಊರೂರಿನ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಕನ್ನಡ ಟೈಪಿಂಗ್ ಹರಡಿದ್ದು ಇಂಥ ಕೆಲಸದಿಂದ. ಆದರೆ ಹೊಸ ದಾರಿ ತೆರೆದಾಗ ಹಳೆಯ ಮನೆಯ ಸಾಮಾನನ್ನು ಹೊತ್ತು ತರುವ ಯೋಚನೆ ಹೆಚ್ಚಿನವರು ಮಾಡಲಿಲ್ಲ. ನಮ್ಮ 16 ಪುಟ ಸಿಕ್ಕಿಬಿದ್ದದ್ದು ಅಲ್ಲಿ.

ಅಂದು ಸಂಜೆ ನನ್ನನ್ನು ತುಂಬ ಕಾಡಿದ್ದು ಬೇರೆ ಒಂದು ವಿಷಯ. 1974ರ ಸಂಚಿಕೆಯ ಪುಟಗಳನ್ನು ಅಷ್ಟರಲ್ಲಿ ಪಕ್ಕದ ಮನೆಯ ಕಾಲೇಜು ಹುಡುಗಿ ಮೊಬೈಲಿನಲ್ಲಿ ಫೋಟೋ ತೆಗೆದು, ಅಕ್ಷರಗಳನ್ನು ಹೊರಗೆ ತೆಗೆಯುತ್ತಾ ಕೂತಿದ್ದಳು. 64 ಪುಟ, ಒಂದೇ ಸಂಜೆ. 50 ವರ್ಷದ ಹಿಂದೆ ಚಿಕ್ಕಪ್ಪ ಎರಡೂವರೆ ತಿಂಗಳು ನಿಂತು ಜೋಡಿಸಿದ ಅಕ್ಷರಗಳು. ಅಲ್ಲಲ್ಲಿ ಪ ಹೋಗಿ ವ ಆಗಿತ್ತು, ಸೊನ್ನೆ ರ ಆಗಿತ್ತು. ಉಳಿದದ್ದು ಸರಿಯಾಗಿಯೇ ಇತ್ತು. 1974ರ ಕಾಗದ ಓದಲು ಬಂತು. 1999ರ ಕಂಪ್ಯೂಟರ್ ಫೈಲು ಓದಲು ಬರಲಿಲ್ಲ.

ಚಿಕ್ಕಪ್ಪ ಆ ಹುಡುಗಿಯ ಪಕ್ಕದಲ್ಲಿ ಕೂತು ಕರಡು ನೋಡುತ್ತಿದ್ದರು. ಒಂದು ಕಡೆ "ಸಾದನೆ" ಅಂತ ಬಂದಿತ್ತು. ಅವಳು ತಿದ್ದಲು ಹೋದಳು. "ಇದು ಮೊಬೈಲಿನ ತಪ್ಪಲ್ಲ ಮಗಾ, ನನ್ನದು. ಆವತ್ತು ಧ ಮೊಳೆ ಕಮ್ಮಿ ಬಿದ್ದಿತ್ತು. ಯಜಮಾನರಿಗೆ ಹೇಳೋಕೆ ಹೆದರಿ ದ ಹಾಕಿದ್ದೆ" ಅಂದರು. 50 ವರ್ಷ ಆ ಒಂದು ಮೊಳೆ ಅವರ ಮನಸ್ಸಿನಲ್ಲಿತ್ತು.

ನಾಲ್ಕು ದಿನ

ನನ್ನ ಕೆಲಸ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು. ಫೈಲನ್ನು ತೆರೆಯಲು ಆಗದಿದ್ದರೂ ಅದರ ಒಳಗಿನ ಸಾಲುಗಳನ್ನು ಹೊರಗೆ ಎಳೆಯುವ ದಾರಿ ಗೊತ್ತಿತ್ತು. ಎಳೆದೆ. ಪುಟ ಇಲ್ಲ, ಚಿತ್ರ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಚುಕ್ಕಿ, ಪೌಂಡಿನ ಗುರುತು, ಅರ್ಥವಿಲ್ಲದ ಸಾಲುಗಳು. ಯಾವ ಗುರುತು ಯಾವ ಕನ್ನಡ ತುಂಡು ಅಂತ ಗೊತ್ತಾದರೆ ಉಳಿದದ್ದು ಸುಲಭ. ನುಡಿ, ಬರಹ ಫಾಂಟ್‌ಗಳಿಗೆ ಅಂಥ ಪಟ್ಟಿ ಮಾಡಿಟ್ಟವರಿದ್ದಾರೆ, ಪರಿವರ್ತಕಗಳಿವೆ. ನಮ್ಮದು ಬೇರೆ ಫಾಂಟ್. ನಾನು ಹುಡುಕಿದ ಯಾವ ಪರಿವರ್ತಕವೂ ಅದನ್ನು ಒಪ್ಪಿಕೊಳ್ಳಲಿಲ್ಲ.

ಒಂದು ಅನುಕೂಲ ಇತ್ತು. ಉಳಿದ 96 ಪುಟ ಕಾಗದದಲ್ಲೂ ಇತ್ತು, ಫೈಲಿನಲ್ಲೂ ಇತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೊಂದಿಸಬಹುದು. ನಾನು ಎರಡು ವಾರ ಹಿಡಿಯುತ್ತದೆ ಅಂದುಕೊಂಡೆ. ನಾಲ್ಕು ದಿನಕ್ಕೆ ಮುಗಿಯಿತು. ಮುಗಿಸಿದ್ದು ನಾನಲ್ಲ.

ಮೊದಲ ದಿನ ನಾನು ಇಡೀ ಅಕ್ಷರಕ್ಕೆ ಇಡೀ ಅಕ್ಷರ ಹೊಂದಿಸಲು ಹೋಗಿ ಸೋತೆ. ಒಂದು "ಕೋ"ಗೆ ನಾಲ್ಕು ಗುರುತು ಬರುತ್ತಿತ್ತು, ಒಂದು "ಗಿ"ಗೆ ಒಂದೇ. ಚಿಕ್ಕಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಆಮೇಲೆ ಕನ್ನಡಕ ಹಾಕಿಕೊಂಡು ಒಂದು ಕಾಗದ ತೆಗೆದುಕೊಂಡರು. "ಇದು ಅಕ್ಷರ ಅಲ್ವೋ, ಮೊಳೆ" ಅಂದರು. ಅವರು ಹೇಳಿದ್ದು ಸರಿ. ಆ ಫಾಂಟ್ ಮಾಡಿದವರು ಕನ್ನಡವನ್ನು ಒಡೆದದ್ದು ಮೊಳೆ ಒಡೆದ ಹಾಗೆಯೇ. ತಲೆಕಟ್ಟು ಬೇರೆ. ಕೊಂಬು ಬೇರೆ. ಏತ್ವ ಬೇರೆ, ದೀರ್ಘ ಬೇರೆ. ಗುಡಿಸು ಮಾತ್ರ ಅಕ್ಷರದ ಜೊತೆ ಬೆರೆತು ಒಂದೇ ತುಂಡು. ಒತ್ತುಗಳದ್ದೇ ಒಂದು ಸಾಲು. ವಟ್ರಸುಳಿ ಬೇರೆ.

ಆಮೇಲೆ ಅವರ ಕೈ ಓಡಿತು. ಗೆರೆ ಎಳೆದು ಕೇಸಿನ ನಕ್ಷೆ ಬರೆದರು. ನಾನು ಗುರುತು ಓದುತ್ತಿದ್ದೆ, ಅವರು ಅದರ ಮನೆ ಹೇಳುತ್ತಿದ್ದರು. ಒಂದೇ ಗುರುತು ಪದದ ಕೊನೆಯಲ್ಲಿ ಪದೇ ಪದೇ ಬಂದರೆ "ಅದು ಸೊನ್ನೆ ಅಲ್ಲ, ಕೊಂಬು. 'ದು' 'ವು' ಅಂತ ಮುಗಿಯೋದೇ ಜಾಸ್ತಿ, ಕನ್ನಡದಲ್ಲಿ ಕೊಂಬು ಖಾಲಿಯಾದಷ್ಟು ಬೇಗ ಬೇರೆ ಏನೂ ಖಾಲಿಯಾಗಲ್ಲ" ಅನ್ನುತ್ತಿದ್ದರು. ಯಾವ ಮನೆ ಬೇಗ ಖಾಲಿಯಾಗುತ್ತದೆ ಅನ್ನುವುದು ಅವರಿಗೆ 22 ವರ್ಷ ಮೊಳೆ ಎತ್ತಿ ಎತ್ತಿ ಬಂದ ಅರಿವು.

ಮೂರನೇ ದಿನ ಅರ್ಕಾವತ್ತು ಕಾಡಿತು. "ಅರ್ಥ" ಅಂತ ಇರುವಲ್ಲೆಲ್ಲ ನನ್ನ ಪರಿವರ್ತನೆಯಲ್ಲಿ "ಅಥರ್" ಅಂತ ಬರುತ್ತಿತ್ತು. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರ ಆದ ಮೇಲೆ ಇಡುತ್ತಾರೆ. ಎಲ್ಲ ಭಾಷೆಯ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ ರ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಸರಿಸುವ ನಿಯಮ ನಾನು ಬರೆದೆ. ಅಷ್ಟು ಮಟ್ಟಿಗೆ ನನ್ನ ಕಲಿಕೆಯೂ ಕೆಲಸಕ್ಕೆ ಬಂತು.

ನಾಲ್ಕನೇ ದಿನ ಮಧ್ಯಾಹ್ನ ಪುಟ 33 ಪರದೆಯ ಮೇಲೆ ಬಂತು. ಆ ಹಿರಿಯರ ನೆನಪು. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಸಂಕ, ಅಂದರೆ ಕಾಲುಸೇತುವೆ, ದಾಟಿ ಶಾಲೆಗೆ ಬರುತ್ತಿದ್ದದ್ದು, ಹೊಳೆ ಏರಿದ ದಿನ ಮೇಷ್ಟ್ರು ಆಚೆ ದಡದ ಮಕ್ಕಳನ್ನು ತಮ್ಮ ಮನೆಯಲ್ಲೇ ಮಲಗಿಸಿಕೊಂಡದ್ದು, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ್ದು. ಚಿಕ್ಕಪ್ಪ ಜೋರಾಗಿ ಓದಿದರು. ಚಿಕ್ಕಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು.

ಅದರ ಮುಂದೆ ಪಟ್ಟಿ. ಮೊದಲ ವರ್ಷದ 23 ಮಕ್ಕಳು. ಅದರಲ್ಲಿ ಇಬ್ಬರು ಹುಡುಗಿಯರು. ಒಬ್ಬಳ ಹೆಸರು ಸರಿಯಾಗಿತ್ತು. ಇನ್ನೊಬ್ಬಳದ್ದು ಮೊದಲ ಅಕ್ಷರ ಇರಲಿಲ್ಲ. ಫೈಲು ಬರಹವನ್ನು ತುಂಡು ತುಂಡಾಗಿ ಇಟ್ಟುಕೊಂಡಿತ್ತು. ತುಂಡು ಸೇರುವ ಜಾಗದಲ್ಲಿ ಒಂದೆರಡು ಗುರುತು ಹಾಳಾಗಿದ್ದವು. ಬೇರೆ ಕಡೆ ಅರ್ಥ ನೋಡಿ ತುಂಬಿದೆವು. ಇಲ್ಲಿ ಉಳಿದದ್ದು "…ಂಗಿ" ಅಷ್ಟೆ. ಗಂಗಿ ಇರಬಹುದು. ರಂಗಿಯೂ ಇರಬಹುದು. ಚಿಕ್ಕಪ್ಪ ಕಣ್ಣು ಮುಚ್ಚಿ ಯೋಚಿಸಿದರು. "ನಾನೇ ಟೈಪ್ ಮಾಡಿದ್ದು. ಗಂಗಿ ಅಂತಲೇ ನೆನಪು" ಅಂದರು.

ಲೆಕ್ಕದ ಪುಸ್ತಕ

ಆ ನಾಲ್ಕು ದಿನಗಳಲ್ಲಿ ಒಂದು ರಾತ್ರಿ ಅವರು ಅಂಗಡಿಯ ಹಳೆಯ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಟ್ರೆಡಲ್ 1986ರಲ್ಲಿ ಸೆಕೆಂಡ್‌ಹ್ಯಾಂಡ್ ತಂದದ್ದು. 2003ರಲ್ಲಿ ಮಾರುವಾಗಲೂ ಓಡುತ್ತಿತ್ತು. ಅದರ ಮುಂದೆ ಕಂಪ್ಯೂಟರುಗಳ ಪಟ್ಟಿ. 1996, 2000, 2004, 2009, 2014, 2019. ಆರು ಕಂಪ್ಯೂಟರ್. ಪ್ರತಿಯೊಂದರ ಮುಂದೆ ಸೊಸೈಟಿ ಸಾಲದ ಕಂತು. 2014ರದ್ದು ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತ ವರ್ಷ. ಹಳೆಯ ಕಂಪ್ಯೂಟರ್ ಕೆಟ್ಟಿರಲಿಲ್ಲ. ಆದರೂ ಬದಲಿಸಬೇಕಾಯಿತು.

ಪುಸ್ತಕದಲ್ಲಿ ಬರೆಯದ ಇನ್ನೊಂದು ಲೆಕ್ಕ ಇದೆ. ಒಂದೊಂದು ಸಲವೂ ಮತ್ತೆ ಕಲಿತದ್ದು. ಮೊಳೆ ಕಲಿಯಲು ಮೂರು ವರ್ಷ ಹಿಡಿಯಿತು, ಆದರೆ ಆ ಮೂರು ವರ್ಷ 22 ವರ್ಷ ದುಡಿಯಿತು. ಕಂಪ್ಯೂಟರಿನಲ್ಲಿ ಕಲಿತದ್ದು ಕೈಗೆ ಹದವಾಗಿ ಬರುವಷ್ಟರಲ್ಲಿ ಹಳೆಯದಾಗುತ್ತಿತ್ತು. "ಕಲಿಯೋದಕ್ಕೆ ನನಗೆ ಬೇಜಾರಿಲ್ಲ ಕಣೋ. ನಾನು ಚೆನ್ನಾಗಿ ಬಲ್ಲೆ ಅಂತ ಅನ್ನಿಸಿಕೊಳ್ಳೋಕೆ ಒಂದಿಷ್ಟು ದಿನ ಬೇಕು. ಆ ದಿನ ಈಗ ಸಿಗಲ್ಲ" ಅಂದರು.

ನನಗೆ 41. ನನ್ನ ತಂಡದಲ್ಲಿ 24ರ ಹುಡುಗರು ನನಗೆ ಹೊಸ ಉಪಕರಣ ಕಲಿಸುತ್ತಾರೆ. ನಾನು ಬರೆಯುತ್ತಿದ್ದ ಪರೀಕ್ಷೆಗಳನ್ನು ಈಗ ಎಐ ಬರೆದುಕೊಡುತ್ತದೆ. ಚಿಕ್ಕಪ್ಪ ಆ ಮಾತು ಹೇಳಿದಾಗ ನಾನು ಏನೂ ಅನ್ನಲಿಲ್ಲ. ನನ್ನ ಎದೆಯಲ್ಲಿ ಇದ್ದದ್ದೂ ಅದೇ ಮಾತು.

2017ರಲ್ಲಿ ಜಿಎಸ್‌ಟಿ ಬಂದಾಗ ಎಲ್ಲರಿಗೂ ಹೊಸ ಬಿಲ್ ಬುಕ್ಕು ಬೇಕಾಗಿ ಸ್ವಲ್ಪ ತಿಂಗಳು ಕೈತುಂಬ ಕೆಲಸ. ಆಮೇಲೆ ಮಂಡಿಗಳೇ ಕಂಪ್ಯೂಟರ್ ಬಿಲ್ಲಿಗೆ ಹೋದವು. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳು ಸಣ್ಣದಾದವು, ಕರೆಯುವುದು ವಾಟ್ಸಾಪಿಗೆ ಬಂತು. 2021ರಲ್ಲಿ ಅಂಗಡಿ ಮುಚ್ಚಿದರು. ಅಲ್ಲಿ 16 ವರ್ಷ ಟೈಪ್ ಮಾಡಿದ ಅಕ್ಕ ಒಬ್ಬರು ಈಗ ಬಸ್‌ಸ್ಟ್ಯಾಂಡ್ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿದ್ದಾರೆ. ಅವರಷ್ಟು ಶುದ್ಧವಾಗಿ ಒತ್ತಕ್ಷರ ಹೊಡೆಯುವವರನ್ನು ನಾನು ನೋಡಿಲ್ಲ. ಅರ್ಜಿಯ ಖಾನೆಗಳಲ್ಲಿ ತುಂಬುವುದು ಹೆಚ್ಚಾಗಿ ಇಂಗ್ಲಿಷ್.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅನ್ಯಾಯ ಆಗುತ್ತದೆ. ಚಿಕ್ಕಪ್ಪನ ಬಲಗೈ ಈಗ ನಡುಗುತ್ತದೆ. ಕೀಬೋರ್ಡ್ ಮೇಲೆ ಬೆರಳು ನಿಲ್ಲುವುದಿಲ್ಲ. ಶತಮಾನೋತ್ಸವದ ಸಂಚಿಕೆಗೆ ತನ್ನದೂ ಒಂದು ಲೇಖನ ಕೊಡಬೇಕು ಅಂತ ಆಸೆ, ಆದರೆ ಬರೆಯಲು ಆಗುತ್ತಿರಲಿಲ್ಲ. ಆ ಕಾಲೇಜು ಹುಡುಗಿ ಮೊಬೈಲಿನಲ್ಲಿ ಮೈಕಿನ ಗುರುತು ಒತ್ತಿ, "ಅಜ್ಜಾ, ಮಾತಾಡಿ" ಅಂದಳು. ಅವರು ಮಾತಾಡಿದರು. ಅಕ್ಷರ ತಾನಾಗಿ ಬಂತು, ಒತ್ತು ಸಮೇತ, ದೀರ್ಘ ಸಮೇತ. ಚಿಕ್ಕಪ್ಪ ನಂಬಲಿಲ್ಲ. "ಸ್ವಾತಂತ್ರ್ಯ" ಅಂದರು. ಅದು ಬಂತು. "ಶಾಸ್ತ್ರಿಗಳು" ಅಂದರು. ಬಂತು. ಮೂರು ಒತ್ತಿರುವ ಪದಗಳನ್ನೆಲ್ಲ ನೆನಪು ಮಾಡಿಕೊಂಡು ಹೇಳಿದರು. ಮೊಳೆಯಲ್ಲಿ ಅವರನ್ನು ಗೋಳು ಹೊಯ್ದುಕೊಂಡ ಪದಗಳವು. ಅವರ ಕಣ್ಣಲ್ಲಿ ನೀರು ಬಂತು. ಅದು ದುಃಖದ್ದಲ್ಲ. ಆ ಲೇಖನ ಎಂಟು ಪುಟ ಆಯಿತು. ಚಿಕ್ಕಮ್ಮನೂ ಈಗ ಬೆಂಗಳೂರಿನ ಮೊಮ್ಮಕ್ಕಳಿಗೆ ಹೀಗೆಯೇ ಉದ್ದುದ್ದ ಸಂದೇಶ ಕಳಿಸುತ್ತಾರೆ. ನಾಲ್ಕನೇ ಕ್ಲಾಸಿನ ಮೇಲೆ ಓದದ ಹೆಂಗಸು.

ಎಲ್ಲ ಬದಲಾವಣೆಯೂ ಹಳೆಯದನ್ನು ಬಿಸಾಕಿ ಬರುತ್ತದೆ ಅಂತಲೂ ಅಲ್ಲ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡ ಇತ್ತು. ನಮ್ಮ ಕಂಪ್ಯೂಟರುಗಳಿಗೆ ಅದು ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದ ಮೇಲೆ. ಯೂನಿಕೋಡ್‌ನಲ್ಲಿ 20 ವರ್ಷದ ಹಿಂದೆ ಬರೆದದ್ದನ್ನು ಇವತ್ತಿನ ಮೊಬೈಲ್ ಸಲೀಸಾಗಿ ಓದುತ್ತದೆ. ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರದ ಕ್ರಮ ನೋಡಿ ರೂಪಿಸಿದ ಕೀಲಿಮಣೆಯೂ ಹಾಗೆಯೇ. ನುಡಿ ಬಂದಾಗ ಚಿಕ್ಕಪ್ಪನ ಬೆರಳು ಆ ಕೀಲಿಗಳನ್ನು ಕಲಿಯಿತು. ಫಾಂಟ್ ಬದಲಾಯಿತು, ಕಂಪ್ಯೂಟರ್ ಬದಲಾಯಿತು, ಕೀಲಿ ಬದಲಾಗಲಿಲ್ಲ. ಮಾಡುವವರು ಮುಂದಿನವರ ಬಗ್ಗೆ ಯೋಚಿಸಿ ಮಾಡಿದ್ದರೆ ವೇಗ ಇಷ್ಟು ನೋಯಿಸುವುದಿಲ್ಲ ಅಂತ ನನಗೆ ಅನ್ನಿಸುವುದು ಇಂಥದ್ದನ್ನು ನೋಡಿಯೇ.

ಡಿಸೆಂಬರ್

ಸಂಚಿಕೆ 500 ಪ್ರತಿ ಅಚ್ಚಾಯಿತು. ಶಿವಮೊಗ್ಗದಲ್ಲಿ ಮಾಡಿಸಿದರು. ಪುಟ ಕಟ್ಟಿದ್ದು ಆ ಕಾಲೇಜು ಹುಡುಗಿ. ಚಿಕ್ಕಪ್ಪ ಒಂದು ಹಟ ಹಿಡಿದರು. ಕೊನೆಯ ಪುಟದಲ್ಲಿ, ಮುದ್ರಕರ ಹೆಸರಿನ ಕೆಳಗೆ, ಯಾವ ಫಾಂಟ್, ಯಾವ ತಂತ್ರಾಂಶ, ಯಾವ ಆವೃತ್ತಿ, ಅಕ್ಷರ ಯೂನಿಕೋಡ್‌ನಲ್ಲಿದೆ ಅಂತ ಎಲ್ಲ ಅಚ್ಚಾಗಬೇಕು. ಸಮಿತಿಯವರಿಗೆ ಯಾಕೆ ಅಂತ ಅರ್ಥ ಆಗಲಿಲ್ಲ. ಆದರೂ ಹಾಕಿದರು. ಪಿಡಿಎಫ್ ಅನ್ನು ನಾನು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಒಂದೇ ದಿನದಲ್ಲಿ ಮಸ್ಕತ್‌ನಿಂದ, ಪುಣೆಯಿಂದ ಫೋನ್ ಬಂತು.

ಜನವರಿಯಲ್ಲಿ ಹುಬ್ಬಳ್ಳಿಯಿಂದ ಒಂದು ಅಂಚೆ ಬಂತು. ಊರಿನಿಂದ ಮದುವೆಯಾಗಿ ಹೋದ ಒಬ್ಬರು ಟ್ರಂಕಿನಲ್ಲಿ ಇಟ್ಟುಕೊಂಡಿದ್ದ 1999ರ ಸಂಚಿಕೆ. ಪೂರ್ತಿ, ಏಳು ಫಾರಂ. ಚಿಕ್ಕಪ್ಪ ನೇರ ಪಟ್ಟಿಯ ಪುಟಕ್ಕೆ ಹೋದರು. ನಾವು ಬಿಡಿಸಿದ್ದೆಲ್ಲ ಸರಿ ಇತ್ತು, ಒಂದನ್ನು ಬಿಟ್ಟು. ಅವಳ ಹೆಸರು ರಂಗಿ.

ನಾನು ಪಿಡಿಎಫ್ ಅನ್ನು ಒಂದು ನಿಮಿಷದಲ್ಲಿ ತಿದ್ದಿ ಮತ್ತೆ ಗುಂಪಿಗೆ ಹಾಕಿದೆ. ಆದರೆ ಮೊದಲು ಕಳಿಸಿದ್ದು ಅಷ್ಟರಲ್ಲಿ ಎಲ್ಲೆಲ್ಲಿಗೋ ಹೋಗಿತ್ತು. ಮೊನ್ನೆ ಬೇರೆ ಯಾರೋ ನನಗೇ ಅದನ್ನು ಕಳಿಸಿದರು, ಗಂಗಿ ಅಂತಲೇ ಇದೆ.

ಹಂಚದೆ ಉಳಿದ ಪ್ರತಿಗಳು 180. ಅವನ್ನು ಚಿಕ್ಕಪ್ಪ ಮನೆಗೆ ತರಿಸಿಕೊಂಡರು. ತಪ್ಪು–ಒಪ್ಪಿನ ಚೀಟಿ ಅಚ್ಚು ಮಾಡಿಸಿ ಅಂಟಿಸೋಣ ಅಂತ ನಾನು ಹೇಳಿದೆ. ಬೇಡ ಅಂದರು. ಕಪ್ಪು ಶಾಯಿಯ ಪೆನ್ನು ತೆಗೆದುಕೊಂಡು ನನಗೆ ತೋರಿಸಿದರು. ಗ ಅಕ್ಷರದ ಬಾಯಿ ಕೆಳಗೆ ತೆರೆದಿರುತ್ತದೆ. ಅಲ್ಲಿ ಒಂದು ಸಣ್ಣ ಬಾಗಿದ ಗೆರೆ ಎಳೆದು ಮುಚ್ಚಿದರೆ ಅದು ರ. ಎಡಗೈಯಿಂದ ಬಲಗೈಯ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು ಗೆರೆ ಎಳೆಯುತ್ತಾರೆ. ಬೆಳಿಗ್ಗೆ ಕೈ ಸ್ವಲ್ಪ ಸ್ಥಿರ ಇರುವಾಗ ದಿನಕ್ಕೆ ಹತ್ತು ಪ್ರತಿ. ನಾನು ಹಿಂದಿನ ವಾರ ಹೋದಾಗ ಇನ್ನೂ 30 ಬಾಕಿ ಇದ್ದವು.